ಬಚ್ಚಿಡುವುದಕ್ಕೊಂದು ಅಪ್ಪಣೆ

ವಿಲೋ ಬೆಂಡ್ ತಂಗುದಾಣದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನೋಡಬೇಡಿ ಅಂತ ಬೋರ್ಡೇನೂ ಹಾಕಿಲ್ಲ, ಆದರೂ ನೋಡುವುದಿಲ್ಲ. ಹೆದ್ದಾರಿಯಿಂದ ಹೊರಳಿ ಬಂದ ಕಾರುಗಳು ನಿಲ್ಲುತ್ತವೆ. ಕಾಲು ಜೋಮು ಹಿಡಿದವರು ಇಳಿದು, ಕುಂಟುತ್ತಾ ಶೌಚಾಲಯಕ್ಕೆ ಹೋಗಿ, ನಾಯಿಯನ್ನು ಹುಲ್ಲಿನ ಮೇಲೆ ಒಂದು ಸುತ್ತು ಹಾಕಿಸಿ, ಯಂತ್ರದಿಂದ ಕಾಫಿ ಹಿಡಿದುಕೊಂಡು, ಆಕಳಿಸುತ್ತಾ ಮತ್ತೆ ಹತ್ತಿ ಹೊರಟುಬಿಡುತ್ತಾರೆ. ಅರ್ಧ ಎಚ್ಚರ, ಅರ್ಧ ನಿದ್ದೆ. ಇಂಥ ಕಡೆ ಇಳಿದಿದ್ದೆವು ಎಂದು ಅವರಲ್ಲಿ ಒಬ್ಬರಿಗೂ ಸಂಜೆಗೆ ನೆನಪಿರುವುದಿಲ್ಲ. ಆರ್ಡಿಸ್ ಕುಚೇರಾಗೆ ಮೈ ಉರಿಯುತ್ತಿದ್ದುದೇ ಇದಕ್ಕೆ.

ಅವಳು ಎರಡು ವರ್ಷದಿಂದ ಭಾನುವಾರ ಭಾನುವಾರ ಇಲ್ಲಿಗೆ ಬಂದು, ಲಾರಿಗಳು ನಿಲ್ಲುವ ಸಾಲಿನ ತುದಿಯಲ್ಲಿ, ಕೊನೆಯ ದೀಪದ ಕಂಬದ ಹತ್ತಿರ ಕಲ್ಲಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ, ಜನವರಿಯ ಹಿಮಗಾಳಿಯಲ್ಲಿ, ಅವಳ ತಮ್ಮ ಲೊವೆಲ್ ತನ್ನ ದೊಡ್ಡ ಲಾರಿಯನ್ನು ವಿಲೋ ಬೆಂಡಿನಲ್ಲಿ ನಿಲ್ಲಿಸಿ, ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು. ಅದು ಗೊತ್ತಾಗಿದ್ದು ಒಂದೂವರೆ ದಿನದ ಮೇಲೆ. ವಿಲೋ ಬೆಂಡ್, ಲಾರಿ ಸಾಲಿನ ತುದಿ, ಕೊನೆಯ ಕಂಬದ ಕೆಳಗೆ ಎಂದು ಪೊಲೀಸಿನವನು ಫೋನಿನಲ್ಲಿ ಹೇಳಿದ್ದ. ಹಿಮ ಕರಗಿ ದಾರಿ ತೆರೆಯುವಷ್ಟರಲ್ಲಿ ಕಂಪನಿಯವರು ಲಾರಿಯನ್ನು ಒಯ್ದಿದ್ದರು. ಅವಳಿಗೆ ಉಳಿದದ್ದು ಈ ಕಂಬ ಒಂದೇ.

ವಿಲೋ ಬೆಂಡ್ ಅಂದರೆ ನಿಜಕ್ಕೂ ಒಂದಲ್ಲ, ಎರಡು. ಪೂರ್ವಕ್ಕೆ ಹೋಗುವವರಿಗೆ ಹೆದ್ದಾರಿಯ ಈ ಕಡೆ ಒಂದು, ಪಶ್ಚಿಮಕ್ಕೆ ಹೋಗುವವರಿಗೆ ಆ ಕಡೆ ಒಂದು. ಅದೇ ಕೆಂಪಿಟ್ಟಿಗೆಯ ಕಟ್ಟಡ, ಅದೇ ಸೀಡರ್ ಮರಗಳು, ಅಷ್ಟೇ ಕಂಬಗಳು. ಒಂದೇ ನಕ್ಷೆಯನ್ನು ಮಗುಚಿ ಹಾಕಿ ಕಟ್ಟಿದ ಜೋಡಿ ಅದು. ನಡುವೆ ನಾಲ್ಕು ಸಾಲು ವಾಹನ, ಎರಡು ಬೇಲಿ. ಇಲ್ಲಿಂದ ಅಲ್ಲಿಗೆ ಹೋಗಬೇಕೆಂದರೆ ಮುಂದಿನ ತಿರುವಿನ ತನಕ ಹೋಗಿ, ಸೇತುವೆ ಹತ್ತಿ, ಇಳಿದು, ಹಿಂದಕ್ಕೆ ಬರಬೇಕು. ಅಷ್ಟು ದೂರ ಯಾರು ಹೋಗುತ್ತಾರೆ? ಈ ಕಡೆಯ ಶೌಚಾಲಯದಲ್ಲಿ ಇಲ್ಲದ್ದು ಆ ಕಡೆಯದರಲ್ಲೇನಿದೆ? ಆರ್ಡಿಸ್ ಇದ್ದ ಮಾರೆಕ್ ಎಂಬ ಊರು ಇಲ್ಲಿಂದ ಮೂವತ್ತು ಮೈಲಿ ಪಶ್ಚಿಮಕ್ಕೆ. ಅವಳ ಕಾರು ಬಂದು ಸೇರುತ್ತಿದ್ದುದು ಸಹಜವಾಗಿ ಈ ಕಡೆಗೇ. ಅಲ್ಲದೆ ಲೊವೆಲ್ ಶಿಕಾಗೋಗೆ ಶೀತಲ ಮಾಂಸದ ಮಾಲು ಹೊತ್ತು ಪೂರ್ವಕ್ಕೇ ಹೋಗುತ್ತಿದ್ದ. ಕಂಪನಿಯವರೇ ಹೇಳಿದ್ದರು.

ಅಂದರೆ, ಮಾರೆಕ್ಕಿನ ತಿರುವನ್ನು ದಾಟಿಕೊಂಡೇ ಅವನು ಇಲ್ಲಿಗೆ ಬಂದಿದ್ದ. ಅಕ್ಕನ ಮನೆಯ ದಾರಿಯನ್ನು ಕಿಟಕಿಯಲ್ಲಿ ನೋಡುತ್ತಾ, ಕಾಲನ್ನು ಬ್ರೇಕಿನ ಮೇಲೆ ಇಡದೆ, ನೆಟ್ಟಗೆ ಬಂದುಬಿಟ್ಟಿದ್ದ. ಸಾವು ಯಾರಿಗೂ ತಪ್ಪಿದ್ದಲ್ಲ, ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆ ಮೂವತ್ತು ಮೈಲಿ.

ನೆಟ್ಟಗೆ ಹೋಗು ಎಂದವಳು ಅವಳೇ. ಆ ವರ್ಷ ಕ್ರಿಸ್ಮಸ್ಸಿಗೆ ಬರುತ್ತೇನೆ ಎಂದು ಮಾತು ಕೊಟ್ಟವನು ಬರಲಿಲ್ಲ. ಅವಳು ಬಾತುಕೋಳಿ ಬೇಯಿಸಿ, ಕಡುಬು ಮಾಡಿ, ಹುಳಿ ಎಲೆಕೋಸು ಹಾಕಿ, ಅವನಿಗೆಂದೇ ಗಸಗಸೆ ತುಂಬಿದ ಕೊಲಾಚಿ ಬನ್ನುಗಳನ್ನು ಒಂದು ತಟ್ಟೆ ತೆಗೆದಿರಿಸಿ, ಕಿಟಕಿಯ ಹತ್ತಿರ ಕೂತೇ ಕೂತಳು. ಜನವರಿಯಲ್ಲಿ ದಾರಿಯಿಂದ ಫೋನು ಬಂತು.

"ಆರ್ಡಿ, ನಾಳೆ ಮಾರೆಕ್ ಮೇಲೇ ಹೋಗ್ತೀನಿ. ಅರ್ಧ ಗಂಟೆ ಬಂದು ಹೋಗ್ಲಾ? ಕೊಲಾಚಿ ಇದ್ಯಾ?"

"ಅರ್ಧ ಗಂಟೆನಾ? ಅರ್ಧ ಗಂಟೆಗೆ ಯಾಕಪ್ಪ ಅಷ್ಟು ದೊಡ್ಡ ಲಾರಿ ತಿರುಗಿಸ್ತೀಯ. ನೆಟ್ಟಗೆ ಹೋಗು. ಶಿಕಾಗೋದಲ್ಲಿ ಒಳ್ಳೊಳ್ಳೆ ಬೇಕರಿ ಇದಾವೆ."

"ಸರಿ ಆರ್ಡಿ," ಎಂದು ಅವನು ಫೋನಿಟ್ಟ. ಅಷ್ಟೇ. ನಲವತ್ತು ವರ್ಷದ ಹಿಂದೆ ಎತ್ತಿ ಆಡಿಸಿದ ತಮ್ಮನ ಜೊತೆ ಕೊನೆಯ ಮಾತು ಬೇಕರಿಯದು.

ಆಮೇಲೆ ಅವಳಿಗೆ ಒಂದೇ ಕನಸು ಬೀಳುತ್ತಿತ್ತು. ಹೆದ್ದಾರಿಯ ಮೇಲಿನ ಸೇತುವೆಯ ಮೇಲೆ ಅವಳು ನಿಂತಿದ್ದಾಳೆ, ಕೈಯಲ್ಲಿ ಅಡುಗೆಮನೆಯ ಟವಲು. ಕೆಳಗೆ ಮಂಜಿನಲ್ಲಿ ತಮ್ಮನ ಲಾರಿ ಬರುತ್ತದೆ, ಸದ್ದೇ ಇಲ್ಲ, ಚಕ್ರಗಳು ನೆಲಕ್ಕೆ ತಾಗುತ್ತಲೂ ಇಲ್ಲ. ಅವಳು ಟವಲು ಬೀಸುತ್ತಾಳೆ. ಲಾರಿ ಸೇತುವೆಯ ಅಡಿಗೆ ಹೋಗುತ್ತದೆ. ಅವಳು ಓಡಿ ಸೇತುವೆಯ ಇನ್ನೊಂದು ಬದಿಗೆ ಹೋಗಿ ಬಗ್ಗಿ ನೋಡಿದರೆ, ಅಲ್ಲಿಂದ ಏನೂ ಹೊರಗೆ ಬರುವುದಿಲ್ಲ. ಹಾಗೆ ಬಗ್ಗಿಕೊಂಡೇ ಎಚ್ಚರವಾಗುತ್ತಿತ್ತು. ಬೆಳಗಿನ ಜಾವ, ಅವಳು ಕೆಲಸ ಮಾಡುವ ಶಾಲೆಯ ಅಡುಗೆಗೆ ಹೊರಡುವ ಹೊತ್ತು.

ಡಬ್ಬಿ ಬಚ್ಚಿಡುವ ಯೋಚನೆ ಬಂದದ್ದೂ ಲೊವೆಲ್‌ನಿಂದಲೇ. ಅವನಿಗೆ ಜಿಯೋಕ್ಯಾಶ್ ಎಂಬ ಆಟದ ಹುಚ್ಚು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಗುರುತು ಪರಿಚಯ ಇಲ್ಲದವರು ಫೋನು ಹಿಡಿದು ಹುಡುಕಿಕೊಂಡು ಬಂದು, ಒಳಗಿನ ಕಾಗದದ ಮೇಲೆ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಹೋಗುತ್ತಾರೆ. ಅದರಿಂದ ಯಾರಿಗೂ ಮೂರು ಕಾಸಿನ ಲಾಭವಿಲ್ಲ. ಆದರೂ ಲೊವೆಲ್ ಹನ್ನೆರಡು ರಾಜ್ಯಗಳಲ್ಲಿ ಡಬ್ಬಿ ಹುಡುಕಿದ್ದ.

"ಲಾರಿಯವರಿಗೆ ತಂಗುದಾಣ ಬಿಟ್ರೆ ಬೇರೆಲ್ಲೂ ನಿಲ್ಸೋಕೆ ಜಾಗ ಇಲ್ಲ ಆರ್ಡಿ," ಎನ್ನುತ್ತಿದ್ದ. "ಈ ಕಡೆ ತಂಗುದಾಣಗಳಲ್ಲೋ ಒಂದ್ ಡಬ್ಬಿನೂ ಇಲ್ಲ. ಇಡೀ ದಿನ ರಸ್ತೆ ನೋಡಿ ನೋಡಿ ನಾನೆಲ್ಲಿದೀನಿ ಅಂತಾನೇ ಮರೆತೋಗಿರತ್ತೆ. ಇಳಿದು, ಬಗ್ಗಿ, ಕಲ್ಲು ಎತ್ತಿ ಹುಡುಕ್ತೀನಲ್ಲ, ಆವಾಗ ಹೌದು, ಇಲ್ಲಿದೀನಿ ಅನ್ಸತ್ತೆ."

ತಂಗುದಾಣದಲ್ಲಿ ಶಿಲುಬೆ ನೆಡುವಂತಿಲ್ಲ, ಹೆಸರಿನ ಫಲಕ ಹಾಕುವಂತಿಲ್ಲ, ಹೂವಿನ ಗೊಂಚಲು ಇಟ್ಟರೂ ಮಾರನೆ ದಿನಕ್ಕೆ ಕಸದ ತೊಟ್ಟಿ ಸೇರುತ್ತದೆ. ಆರ್ಡಿಸ್ ಎಲ್ಲವನ್ನೂ ಮಾಡಿ ನೋಡಿದ್ದಳು. ಆದರೆ ಡಬ್ಬಿ? ಡಬ್ಬಿ ಇಟ್ಟರೆ ಜನ ಅದನ್ನು ಹುಡುಕಿಕೊಂಡು ಈ ಕಂಬದ ಹತ್ತಿರಕ್ಕೇ ಬರಬೇಕು. ಬಗ್ಗಬೇಕು. ಸುತ್ತ ಕಣ್ಣಾಡಿಸಬೇಕು. ಅವನು ಮಲಗಿದ್ದ ಜಾಗವನ್ನು, ಯಾಕೆಂದು ಗೊತ್ತಿಲ್ಲದೆ ಹೋದರೂ, ಒಬ್ಬರಾದರೂ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತು ಅದು ಅವಳಿಗೆ ತುಂಬಾ ಬೇಕಾಗಿತ್ತು.

ಆಟದ ವೆಬ್‌ಸೈಟಿನಲ್ಲಿ ಹೊಸ ಡಬ್ಬಿಗಳನ್ನು ಪರಿಶೀಲಿಸುವ ಪುಣ್ಯಾತ್ಮ, ಅದು ಸರ್ಕಾರದ ಜಾಗ, ಅಪ್ಪಣೆ ಕೊಟ್ಟವರ ಹೆಸರು ಬೇಕು ಎಂದ. ರಸ್ತೆ ಇಲಾಖೆಗೆ ಫೋನು ಮಾಡಿದರೆ ಉದ್ಯಾನ ಇಲಾಖೆಯನ್ನು ಕೇಳಿ ಎಂದರು. ಉದ್ಯಾನದವರು ಪೊಲೀಸರನ್ನು ಕೇಳಿ ಎಂದರು. ಪೊಲೀಸಿನ ಹುಡುಗಿಗೆ "ಡಬ್ಬಿ" ಮತ್ತು "ಬಚ್ಚಿಡುವುದು" ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದಿದ್ದೇ ತಡ, ದನಿ ಬದಲಾಗಿ, ನಿಮ್ಮ ಹೆಸರೇನು ವಿಳಾಸವೇನು ಎಂದು ಶುರುಮಾಡಿದಳು. ಕಡೆಗೆ ಎಲ್ಲರೂ ಸೇರಿ ಮತ್ತೆ ರಸ್ತೆ ಇಲಾಖೆಗೇ ದಾಟಿಸಿದರು. ಚಳಿಗಾಲ ಪೂರ್ತಿ ಹೀಗೇ ಹೋಯಿತು.

"ಬಚ್ಚಿಡೋಕೂ ಅರ್ಜಿನಾ?" ಎಂದು ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ದುಡಿಯುವ ನೊರೀನ್ ಆಲೂಗಡ್ಡೆ ಸುಲಿಯುತ್ತಾ ನಕ್ಕಳು. "ನನ್ನ ಗಂಡ ಮೂವತ್ತು ವರ್ಷದಿಂದ ಗ್ಯಾರೇಜಲ್ಲಿ ವಿಸ್ಕಿ ಬಚ್ಚಿಡ್ತಿದಾನೆ, ಒಂದಿನ ಅರ್ಜಿ ಕೊಟ್ಟಿಲ್ಲ ಕಣೆ."

"ನಿಂಗೆ ಗೊತ್ತಲ್ಲ ಅದು."

"ಗೊತ್ತು. ನಂಗೆ ಗೊತ್ತು ಅಂತ ಅವನಿಗೂ ಗೊತ್ತು. ಅದೇ ಅಪ್ಪಣೆ ಅನ್ಕೋ." ಆಮೇಲೆ ಚಾಕು ಕೆಳಗಿಟ್ಟು, "ಮಾರಾಯ್ತಿ, ಅರ್ಜೀಲಿ ಲೊವೆಲ್ ವಿಷಯ ಬರ್ದಿದೀಯಾ?" ಎಂದು ಕೇಳಿದಳು.

ಆರ್ಡಿಸ್ ನೀರು ಬಿಟ್ಟುಕೊಂಡು ಪಾತ್ರೆ ತೊಳೆದಳು. ಅರ್ಜಿಯಲ್ಲಿದ್ದ ನಿಬಂಧನೆಗಳಿಗೆಲ್ಲ ಅವಳು ತಲೆಬಾಗಿದ್ದಳು. ಬಾಂಬ್ ಎಂದು ಯಾರೂ ಹೆದರದಂತೆ ಡಬ್ಬಿಯ ಒಳಗಿರುವುದು ಹೊರಗೆ ಕಾಣಬೇಕು, ಆಯಿತು. ನೆಲ ಅಗೆಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ಆಯಿತು. ತಿನ್ನುವ ಪದಾರ್ಥ ಇಡಬಾರದು, ಆಯಿತು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಇದು ಯಾರಾದರೂ ವ್ಯಕ್ತಿಯ ಸ್ಮಾರಕವೇ? ಹೌದು ಎಂದರೆ ಅರ್ಜಿ ಅಲ್ಲಿಗೇ ಸತ್ತಿತು. ಅವಳು ಇಲ್ಲ ಎಂದು ಗುರುತು ಹಾಕಿ, ಕಣ್ಣು ಮುಚ್ಚಿಕೊಂಡು ಕಳಿಸಿದ್ದಳು. ತಮ್ಮನನ್ನು ಎರಡನೆಯ ಸಲ ಬಾಗಿಲಿನಿಂದ ಆಚೆ ಕಳಿಸಿದ ಹಾಗಾಗಿ ಆವತ್ತು ಊಟ ಸೇರಲಿಲ್ಲ.

ಮಾರ್ಚ್ ಕೊನೆಯಲ್ಲಿ ಇಲಾಖೆಯಿಂದ ಜಾಗ ನೋಡುವುದಕ್ಕೆ ಬರುತ್ತೇವೆ ಎಂದು ಸುದ್ದಿ ಬಂತು. ಆ ಕಾಲಕ್ಕೆ ಹತ್ತಿರದ ಪ್ಲಾಟ್ ನದಿಯ ಬಯಲೆಲ್ಲ ವಲಸೆ ಬಂದ ಕ್ರೌಂಚ ಪಕ್ಷಿಗಳು. ಅವರು ಬರುವ ದಿನ ಬೆಳಿಗ್ಗೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕೊಯ್ದ ಜೋಳದ ಹೊಲಗಳಲ್ಲಿ ಬೂದು ಬಣ್ಣದ ಸಾವಿರಾರು ಹಕ್ಕಿಗಳು ನಿಂತಲ್ಲೇ ನಿಂತು, ನೆಲವೇ ಮೆಲ್ಲಗೆ ಉಸಿರಾಡುತ್ತಿರುವಂತೆ ಕಾಣುತ್ತಿದ್ದವು. ಅವುಗಳ ಕೂಗು ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗುತ್ತಿರಲಿಲ್ಲ. ಹೆದ್ದಾರಿಯ ಮೊರೆತವೂ ಅದರೊಳಗೆ ಬೆರೆತು ದೂರದ ನೀರಿನ ಸದ್ದಾಗಿತ್ತು. ಆರ್ಡಿಸ್ ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು, ತನಗೆ ನಿದ್ದೆ ಬಂದಿದೆಯೋ ಎಚ್ಚರವಿದೆಯೋ ಎಂದು ಒಂದೆರಡು ಸಲ ತನ್ನ ಕೈಯನ್ನೇ ಮುಟ್ಟಿ ನೋಡಿಕೊಂಡಳು.

ಬಂದವನು ಗೇಲೆನ್ ಬಾಮನ್ ಎಂಬ ದಪ್ಪ ಮೀಸೆಯ ಆಸಾಮಿ. ಅರವತ್ತರ ಹತ್ತಿರ. ಮಂಡಿ ಕೆಟ್ಟ ಮೇಲೆ ಇಲಾಖೆಯವರು ಮೇಜಿನ ಕೆಲಸಕ್ಕೆ ಕೂರಿಸಿದ್ದಾರೆ ಎಂದು ತಾನೇ ಹೇಳಿಕೊಂಡ. ನಡೆಯುವಾಗ ಒಂದು ಕಾಲನ್ನು ಸ್ವಲ್ಪ ಎಳೆಯುತ್ತಿದ್ದ.

"ಹೂಂ, ಬಚ್ಚಿಡಿ ನೋಡೋಣ," ಎಂದು ಕಂಕುಳಿನಿಂದ ಅರ್ಜಿ ತೆಗೆದ.

"ನೀವು ನೋಡ್ತಾ ಇರೋ ಹಾಗೇನಾ?"

"ಮತ್ತೆ? ನಂಗೆ ಕಾಣದ ಹಾಗೆ ಇಲ್ಲಿ ಏನೂ ಬಚ್ಚಿಡೋ ಹಂಗಿಲ್ಲ ಮೇಡಂ."

"ಹಂಗಾದ್ರೆ ಅದು ಬಚ್ಚಿಟ್ಟ ಹಾಗಾಯ್ತಾ?"

"ಜನದ ಕಣ್ಣಿಂದ ಬಚ್ಚಿಡಿ, ಯಾರು ಬೇಡ ಅಂದ್ರು. ಸರ್ಕಾರದ ಕಣ್ಣಿಂದ ಬಚ್ಚಿಡ್ಬೇಡಿ ಅಂತ ಅಷ್ಟೇ." ಅವನು ಮೀಸೆಯಲ್ಲೇ ನಕ್ಕ. "ನನ್ನ ಕೆಲಸ ಬೇಕಿದ್ರೆ ತಮಾಷೆಯಾಗಿದೆ ಅನ್ನಿ. ಹೋದ ತಿಂಗಳು ಜೇನುಪೆಟ್ಟಿಗೆ ಇಡ್ತೀನಿ ಅಂತ ಒಬ್ಬ ಅರ್ಜಿ ಹಾಕಿದ್ದ, ಶೌಚಾಲಯದ ಹಿಂದೆ."

ಆರ್ಡಿಸ್ ಕಂಬದ ಪಕ್ಕದ ಸೀಡರ್ ಮರದ ಬುಡಕ್ಕೆ ಹೋದಳು. ಅಲ್ಲಿ ಅಂಚಿಗೆ ಜೋಡಿಸಿದ್ದ ಕಲ್ಲುಗಳ ನಡುವೆ ಒಂದು ಸಂದು ಇತ್ತು, ಎರಡು ವರ್ಷದಿಂದ ನೋಡಿಟ್ಟುಕೊಂಡಿದ್ದ ಸಂದು. ಡಬ್ಬಿಯನ್ನು ಒಳಗೆ ಸರಿಸಿ, ಮೇಲೊಂದು ಚಪ್ಪಟೆ ಕಲ್ಲು ಇಟ್ಟು, ಕೈ ಒರೆಸಿಕೊಂಡಳು. ಗೇಲೆನ್ ಬಗ್ಗಿ, ಮಂಡಿಯ ನೋವಿಗೆ ಅಪ್ಪಾ ಎಂದುಕೊಂಡು, ಕಲ್ಲು ಎತ್ತಿ ನೋಡಿ, ಹಾಗೇ ಮುಚ್ಚಿದ. ಒಳ್ಳೆ ಜಾಗ ಎಂದ. ಆಮೇಲೆ ಬೆಂಚಿಗೆ ಒರಗಿ, ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾ, ಅವಳು ಹೂಂ ಎಂದಂತೆಲ್ಲ ಪಕ್ಕದಲ್ಲಿ ಗೀಟು ಎಳೆಯುತ್ತಾ ಹೋದ.

"ಯಾರಾದ್ರೂ ವ್ಯಕ್ತಿಯ ಸ್ಮಾರಕವೇ. ಇಲ್ಲ ಅಂತ ಹಾಕಿದೀರ. ಇಲ್ಲ ತಾನೆ?"

ಹೂಂ ಎಂದರೆ ಮುಗಿಯುತ್ತಿತ್ತು. ಇಷ್ಟು ತಿಂಗಳು ಕಾದಿದ್ದು ಆ ಒಂದು ಹೂಂಗೆ. ಆರ್ಡಿಸ್ ಬಾಯಿ ತೆರೆದಳು. ಕ್ರೌಂಚಗಳ ಒಂದು ಗುಂಪು ಹೊಲದಿಂದ ಎದ್ದು, ಕೂಗುತ್ತಾ, ಅವರ ತಲೆಯ ಮೇಲೇ ಹೆದ್ದಾರಿ ದಾಟಿ ಆ ಕಡೆಗೆ ಹೋಯಿತು. ಅವು ಹೋಗುವ ತನಕ ಗೇಲೆನ್ ಪೆನ್ನು ಹಿಡಿದೇ ಕಾದ.

"ಹೌದು," ಎಂದಳು ಆರ್ಡಿಸ್. "ಸುಳ್ಳು ಬರ್ದಿದೀನಿ. ನನ್ನ ತಮ್ಮನದು ಅದು. ಈ ಕಂಬದ ಕೆಳಗೇ ಹೋದ, ಲಾರೀಲಿ ಮಲಗಿದ್ದೋನು. ಒಂದೂವರೆ ದಿನ ಯಾರೂ ನೋಡ್ಲಿಲ್ಲ. ಎಷ್ಟು ಜನ ಬಂದು ಹೋಗಿದಾರೆ ಇಲ್ಲಿ, ಪಕ್ಕದಲ್ಲೇ ನಾಯಿಗೆ ಉಚ್ಚೆ ಹೊಯ್ಸಿಕೊಂಡು ಹೋಗಿದಾರೆ. ಒಬ್ರೂ ತಲೆ ಎತ್ತಿ ನೋಡ್ಲಿಲ್ಲ ಅವನನ್ನ. ಅದಕ್ಕೇ ಇಡ್ಬೇಕು ಅಂತಿದ್ದೆ. ಈಗ ಹರಿದು ಹಾಕಿ ಬೇಕಾದ್ರೆ."

ಗೇಲೆನ್ ಅರ್ಜಿಯ ಮೇಲಿದ್ದ ಅವಳ ಹೆಸರನ್ನು ಮತ್ತೊಮ್ಮೆ ನೋಡಿದ. ಪೆನ್ನನ್ನು ನಿಧಾನವಾಗಿ ಜೇಬಿಗೆ ಸಿಕ್ಕಿಸಿದ.

"ಕುಚೇರಾ," ಎಂದ. "ಹೆಬ್ಬಾತಿನ ಲಾರಿ."

ಆರ್ಡಿಸ್ ತಿರುಗಿದಳು.

"ಮುಂದಿನ ಗಾಜಿನ ಹಿಂದೆ ಒಂದು ಹೆಬ್ಬಾತಿನ ಗೊಂಬೆ. ತಲೆಗೆ ಕೆಂಪು ಉಲ್ಲನ್ ಟೋಪಿ."

"ಟೋಪಿ ನಾನು ಹೆಣೆದಿದ್ದು," ಎಂದಳು.

"ಆ ಚಳಿಗಾಲ ನಾನಿನ್ನೂ ಹಿಮ ಸರಿಸೋ ಗಾಡಿ ಓಡಿಸ್ತಿದ್ದೆ. ಬಾಗಿಲು ತಟ್ಟಿ, ಆಮೇಲೆ ಪೊಲೀಸ್‌ಗೆ ಫೋನ್ ಮಾಡಿದೋನು ನಾನೇ." ಅವನು ತಲೆಯ ಮೇಲಿದ್ದ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೇಳಲೋ ಬೇಡವೋ ಎಂಬಂತೆ ಹೇಳಿದ. "ಆದ್ರೆ ಮೇಡಂ, ಅದು ಇಲ್ಲಲ್ಲ."

"ಏನು ಇಲ್ಲಲ್ಲ?"

"ಈ ಕಡೆ ಅಲ್ಲ. ಆ ಕಡೆ." ಟೋಪಿ ಹಿಡಿದ ಕೈಯಿಂದಲೇ ಹೆದ್ದಾರಿಯ ಆಚೆ ತೋರಿಸಿದ. ಕರಗುತ್ತಿದ್ದ ಮಂಜಿನಲ್ಲಿ ಅಲ್ಲೊಂದು ಕೆಂಪಿಟ್ಟಿಗೆಯ ಕಟ್ಟಡ, ಸೀಡರ್ ಮರ, ಲಾರಿ ಸಾಲಿನ ತುದಿಗೆ ಕೊನೆಯ ಕಂಬ.

ಆರ್ಡಿಸ್‌ಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಕೂತ ಬೆಂಚನ್ನು ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗಾಯಿತು.

"ನಿಮಗೆ ಮರೆತೋಗಿದೆ. ಎರಡೂ ಕಡೆ ಒಂದೇ ಥರ ಇದೆ, ಗೊಂದಲ ಮಾಡ್ಕೊಂಡಿದೀರ. ಅವನ ಲಾರೀಲಿದ್ದದ್ದು ಶಿಕಾಗೋ ಮಾಲು. ಶಿಕಾಗೋ ಈ ದಾರೀಲಿ, ಪೂರ್ವಕ್ಕೆ. ಆ ಕಡೆ ಅವನಿಗೇನು ಕೆಲಸ?"

"ಅವನ ಕೆಲಸ ನಂಗ್ಗೊತ್ತಿಲ್ಲ. ಲಾರಿ ಮೂತಿ ಪಶ್ಚಿಮಕ್ಕಿತ್ತು. ಗಾಳಿ ಎದುರಿನಿಂದ ಹೊಡೆದು ಹೊಡೆದು ಗಾಜಿನ ಮೇಲೆ ಅಂಗೈ ದಪ್ಪ ಹಿಮ ಕೂತಿತ್ತು. ಈ ಕೈಯಲ್ಲೇ ಒರೆಸಿ ಒಳಗೆ ಬಗ್ಗಿ ನೋಡಿದೆ. ಹೆಬ್ಬಾತು ಕಾಣಿಸ್ತು." ಅವನ ದನಿ ಏರಲಿಲ್ಲ. "ಅಂಥದ್ದು ಯಾವ ಕಡೆ ನಡೀತು ಅಂತ ಮರೆಯೋಕೆ ಆಗಲ್ಲ ಮೇಡಂ."

ಆರ್ಡಿಸ್ ಮತ್ತೆ ಬೆಂಚಿನ ಮೇಲೆ ಕೂತಳು. ಪೂರ್ವಕ್ಕೆ ಹೋಗಬೇಕಾದ ಮಾಲು, ಪಶ್ಚಿಮಕ್ಕೆ ತಿರುಗಿದ ಲಾರಿ. ಅಂದರೆ ಅವನು ಮಾರೆಕ್ ದಾಟಿ, ಇದೇ ವಿಲೋ ಬೆಂಡ್ ದಾಟಿ ಮುಂದೆ ಹೋಗಿ, ಎಲ್ಲೋ ಒಂದು ತಿರುವಿನಲ್ಲಿ ಇಳಿದು, ಸೇತುವೆ ಹತ್ತಿ, ಹಿಂದಕ್ಕೆ ಹೊರಳಿದ್ದ. ಆದರೆ ಅವಳು ಸುಲಭವಾಗಿ ನಂಬುವ ಹೆಂಗಸಲ್ಲ. ಸಿಕ್ಕಿದ್ದು ಕೈಜಾರುವ ಮೊದಲೇ ತಾನೇ ಅದನ್ನು ಹಿಂಡಿ ನೋಡಿಬಿಡಬೇಕು ಅನಿಸಿತು.

"ಆವತ್ತು ಪೂರ್ವದ ದಾರಿ ಮುಚ್ಚಿದ್ರಾ? ಮುಂದೆ ಬಿಡದೆ ಎಲ್ಲರನ್ನೂ ವಾಪಸ್ ಕಳಿಸಿದ್ರಾ?" ಎಂದು ಕೇಳಿದಳು. ಕೇಳುವಾಗ ಅವನ ಮುಖ ನೋಡಲಿಲ್ಲ.

"ಪೂರ್ವದ್ದಾ? ಇಲ್ಲಪ್ಪ. ಪೂರ್ವ ಮಾರನೆ ದಿನ ಮಧ್ಯಾಹ್ನದವರೆಗೂ ತೆರೆದೇ ಇತ್ತು. ಹಿಮ ಬರ್ತಿದ್ದದ್ದೇ ಪಶ್ಚಿಮದಿಂದ. ಮಾರೆಕ್ ಕಡೆ ಹೋಗೋ ದಾರಿಗೆ ಇಲ್ಲೇ ಗೇಟು ಹಾಕಿದ್ರು, ಅದಕ್ಕೇ ಆ ಕಡೆ ಲಾರಿಗಳು ಸಾಲುಗಟ್ಟಿ ನಿಂತಿದ್ದು." ಗೇಲೆನ್ ಮೀಸೆ ನೀವಿಕೊಂಡು, ತನಗೇ ಹೊಸದಾಗಿ ಹೊಳೆದವನಂತೆ ಸೇರಿಸಿದ. "ನಿಜ ಹೇಳ್ಬೇಕಂದ್ರೆ ಶಿಕಾಗೋ ಮಾಲು ಇಟ್ಕೊಂಡು ಆವತ್ತು ಪಶ್ಚಿಮಕ್ಕೆ ತಿರುಗ್ಸೋದಂದ್ರೆ ಹುಚ್ಚುತನ. ತಲೆ ನೆಟ್ಟಗಿರೋ ಯಾವ ಡ್ರೈವರೂ ತಿರುಗ್ಸಲ್ಲ. ಅಲ್ಲೇನಿತ್ತೋ ಅವನಿಗೆ."

"ನಾನಿದ್ದೆ," ಎಂದಳು ಆರ್ಡಿಸ್. "ಅಲ್ಲಿ ನಾನಿದ್ದೆ. ಮಾರೆಕ್ಕಲ್ಲಿ."

ಅಷ್ಟು ಹೇಳಿ ಅತ್ತಳು. ಎರಡು ವರ್ಷದಲ್ಲಿ ಅತ್ತಿದ್ದೆಲ್ಲ ಬೇರೆ ಅಳು, ಇದು ಬೇರೆ. ಗೇಲೆನ್ ಏನು ಮಾಡಬೇಕೆಂದು ತೋಚದೆ, ಟೋಪಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಾ ನಿಂತ. ಕಾರಿನಿಂದ ಇಳಿದ ಒಬ್ಬ ಹೆಂಗಸು ಇವರ ಕಡೆಗೆ ಬರುತ್ತಿದ್ದವಳು, ನೋಡಿ, ಮೆಲ್ಲಗೆ ನಾಯಿಯನ್ನು ಬೇರೆ ಕಡೆಗೆ ಎಳೆದುಕೊಂಡು ಹೋದಳು.

ಮೂಗು ಒರೆಸಿಕೊಂಡ ಮೇಲೆ ಆರ್ಡಿಸ್‌ಗೆ ಇನ್ನೊಂದು ಕೇಳುವುದಿತ್ತು. "ನೀವು ಅವನ ಸುತ್ತ ಹಿಮ ಸರಿಸ್ತಾ ಇದ್ರಲ್ಲ. ಮೊದಲೇ ಯಾಕೆ ತಟ್ಲಿಲ್ಲ?"

"ತಟ್ಟೋ ಹಂಗಿಲ್ಲ ಮೇಡಂ," ಎಂದ ಗೇಲೆನ್. ಅವನಿಗೆ ಅದು ಸೂರ್ಯ ಹುಟ್ಟಿದಷ್ಟು ಸಹಜವಾದ ವಿಷಯ. "ಪರದೆ ಎಳ್ಕೊಂಡು ಮಲಗಿರೋ ಲಾರಿಯವ್ರನ್ನ ಯಾರೂ ಎಬ್ಬಿಸಲ್ಲ. ಅವರ ನಿದ್ದೆ ಅವರ ಹೊಟ್ಟೆಪಾಡು. ನಾನು ಎರಡನೇ ಸಲ ಬಂದಾಗ ಪಕ್ಕದ ಲಾರಿಯೋನು ಕಿಟಕಿ ಇಳಿಸಿ ನಂಗೇ ಗದರಿದ. ಗಾಡಿ ಮೆಲ್ಲಗೆ ಓಡಿಸಯ್ಯಾ, ಆ ಹೆಬ್ಬಾತಿನೋನು ಬಹಳ ಸುಸ್ತಾಗಿ ಬಂದು ಮಲಗಿದಾನೆ ಅಂತ. ಆಮೇಲೆ ಎಲ್ಲರೂ ಅವನ ಕಡೆ ಬಾಗಿಲು ಬಡೀದಂತೆ ಮೆತ್ತಗೆ ಹಾಕ್ಕೊಂಡು ಓಡಾಡ್ತಿದ್ರು. ಒಂದೂವರೆ ದಿನ ಆದ್ರೂ ಏಳ್ಲಿಲ್ಲ ಅಂದ್ಮೇಲೇ ನಾನು ತಟ್ಟಿದ್ದು. ನೋಡಿಲ್ಲ ಅಂತಲ್ಲ. ನೋಡಿದ್ರು. ಮಲಗ್ಲಿ ಅಂತ ಬಿಟ್ಟಿದ್ರು."

ಮಂಜು ಹರಿದು ಆ ಕಡೆಯ ತಂಗುದಾಣದ ಮೇಲೆ ಬಿಸಿಲು ಬಿತ್ತು. ಈ ಕಡೆಗೆ ಇನ್ನೂ ಬಂದಿರಲಿಲ್ಲ. ಆರ್ಡಿಸ್ ಆ ಕೊನೆಯ ಕಂಬವನ್ನು ನೋಡಿದಳು. ಅಲ್ಲಿ ಈಗ ಯಾವ ಲಾರಿಯೂ ಇರಲಿಲ್ಲ. ಹಿಮದಲ್ಲಿ ಸಾಲಾಗಿ ನಿಂತ ಲಾರಿಗಳು, ಅವುಗಳ ನಡುವೆ ಸದ್ದು ಮಾಡದೆ ಓಡಾಡುವ ಗಂಡಸರು, ಪರದೆಯ ಹಿಂದೆ ಮಲಗಿರುವ ಅವಳ ತಮ್ಮ. ಮಲಗಿದ್ದ ಮಗುವಿನ ಕೋಣೆಯಲ್ಲಿ ಓಡಾಡುವ ಹಾಗೆ ಓಡಾಡಿದ್ದರು ಅವರು. ಇಷ್ಟು ದಿನ ಅವರಿಗೆ ಹಾಕಿದ ಶಾಪವನ್ನೆಲ್ಲ ಅವಳು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಳು.

ಗೇಲೆನ್ ಕೆಮ್ಮಿದ. "ಈ ಪ್ರಶ್ನೆ ಇನ್ನೂ ಬಾಕಿ ಇದೆ," ಎಂದು ಪೆನ್ನು ಹೊರತೆಗೆದ. "ಸ್ಮಾರಕ ಅಂದ್ರೆ ನಾನು ಸಹಿ ಹಾಕೋ ಹಂಗಿಲ್ಲ. ಆದ್ರೆ ವಿಲೋ ಬೆಂಡಿನ ಈ ಕಡೆ ನಂಗೆ ತಿಳಿದ ಮಟ್ಟಿಗೆ ಯಾರೂ ಸತ್ತಿಲ್ಲ. ಸತ್ತಿಲ್ಲದೋರಿಗೆ ಸ್ಮಾರಕ ಎಲ್ಲಿಂದ ಬಂತು? ನೀವು ಬರ್ದಿದ್ದು ಸರಿಯಾಗೇ ಇದೆ ಅನ್ಸತ್ತೆ."

"ಆ ಕಡೆ ಇಡ್ಬೇಕು ಅಂದ್ರೆ?"

"ಹೊಸ ಅರ್ಜಿ. ಮತ್ತೆ ಮೊದಲಿಂದ. ಪೊಲೀಸ್, ಉದ್ಯಾನ, ಎಲ್ಲಾ." ಅವನು ಅವಳನ್ನೇ ನೋಡಿದ. "ಬೇಕಾದ್ರೆ ಹಾಕಿ. ನಾನೇ ಬರ್ತೀನಿ."

ಆರ್ಡಿಸ್ ಯೋಚಿಸಿದಳು. ಅಲ್ಲಿ ಅವನನ್ನು ನೋಡಿದವರು ಇದ್ದರು. ಇಲ್ಲಿ, ಈ ಕಂಬದ ಕೆಳಗೆ, ಅವನು ಯಾವತ್ತೂ ಇರಲೇ ಇಲ್ಲ. ಆದರೂ ರಸ್ತೆ ನೋಡಿ ನೋಡಿ ತಾನೆಲ್ಲಿದ್ದೇನೆ ಎಂದು ಮರೆತ ಯಾವನೋ ಲಾರಿಯವನು ಇಳಿದು, ಬಗ್ಗಿ, ಕಲ್ಲು ಎತ್ತಬಹುದು.

"ಇಲ್ಲೇ ಇರ್ಲಿ," ಎಂದಳು. "ಸುಮ್ನೆ ಒಂದು ಡಬ್ಬಿ. ಹುಡುಕೋರಿಗೆ."

ಗೇಲೆನ್ ಬೆಂಚಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಕೈಕುಲುಕುವಾಗ ಅವಳು ಅವನ ಅಂಗೈಯನ್ನು ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡಿದುಕೊಂಡಿದ್ದಳು, ಗಾಜಿನ ಮೇಲಿನ ಹಿಮ ಒರೆಸಿದ ಕೈ ಅದು.

ಕಾರು ಹತ್ತಿ ಅವಳು ಪೂರ್ವಕ್ಕೆ ಹೊರಟಳು. ಮನೆಗೆ ಹೋಗಬೇಕಾದರೂ ಮೊದಲು ಪೂರ್ವಕ್ಕೇ ಹೋಗಬೇಕು, ಎರಡು ವರ್ಷದಿಂದ ಪ್ರತಿ ಭಾನುವಾರ ಹಾಗೇ ಹೋಗಿ, ಮುಂದಿನ ತಿರುವಿನಲ್ಲಿ ಇಳಿದು, ಸೇತುವೆ ಹತ್ತಿ ಹಿಂದಿರುಗುತ್ತಿದ್ದಳು. ತಿರುವು ಬಂತು. ಬಲಕ್ಕೆ ಇಳಿದಳು. ಸೇತುವೆಯ ಬುಡದಲ್ಲಿ ನಿಲ್ಲು ಎಂಬ ಫಲಕ, ನಿಂತಳು. ಹಿಂದೆ ಯಾವ ವಾಹನವೂ ಇರಲಿಲ್ಲ. ಇಲ್ಲೇ ಅವನೂ ನಿಂತಿದ್ದಿರಬೇಕು, ಹಿಮದಲ್ಲಿ, ಅಷ್ಟು ಭಾರದ ಲಾರಿ ಇಟ್ಟುಕೊಂಡು, ಈ ಕಡೆಯೋ ಆ ಕಡೆಯೋ ಎಂದು. ಬಲಕ್ಕೆ ಹೋದರೆ ಯಾವುದೋ ಹೊಲದ ದಾರಿ. ಎಡಕ್ಕೆ ಹೋದರೆ ಸೇತುವೆ, ಸೇತುವೆಯ ಆಚೆ ಅಕ್ಕನ ಮನೆ. ಅವನು ಎಡಕ್ಕೆ ತಿರುಗಿಸಿದ್ದ. ಅಂಥ ಹವೆಯಲ್ಲಿ ಎಡಕ್ಕೆ ತಿರುಗಿಸಿದ್ದ.

ಪಕ್ಕದ ಸೀಟಿನ ಮೇಲೆ ಅವಳ ಕೈಚೀಲ, ಮಫ್ಲರು, ಉಳಿದ ಕಾಗದಗಳು ಬಿದ್ದಿದ್ದವು. ಆರ್ಡಿಸ್ ಅವನ್ನೆಲ್ಲ ಒಂದೊಂದಾಗಿ ಎತ್ತಿ ಹಿಂದಿನ ಸೀಟಿಗೆ ಹಾಕಿ, ಆ ಸೀಟನ್ನು ಖಾಲಿ ಮಾಡಿದಳು. ಕೈಯಿಂದ ಧೂಳು ಒರೆಸಿದಳು. ಆಮೇಲೆ ಎಡಕ್ಕೆ ತಿರುಗಿ, ಸೇತುವೆ ದಾಟಿ, ಪಶ್ಚಿಮದ ದಾರಿಗೆ ಇಳಿದಳು. ಬಲಗಡೆಯಲ್ಲಿ ವಿಲೋ ಬೆಂಡ್ ಬಂತು. ಅವಳು ಒಳಗೆ ಹೋಗಲಿಲ್ಲ. ಅವನು ಅಲ್ಲಿ ಬೇಕಾದಷ್ಟು ಮಲಗಿದ್ದಾಗಿತ್ತು. ಇನ್ನು ಉಳಿದದ್ದು ಅವನಿಂದ ಆಗದೆ ಹೋದ ಮೂವತ್ತು ಮೈಲಿ. ಅದನ್ನು ಅವಳು ಭಾರದ ಲಾರಿ ಹೋಗುವಷ್ಟೇ ನಿಧಾನವಾಗಿ, ಬಲಗಡೆಯ ಸಾಲನ್ನು ಬಿಡದೆ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯವರೆಗೂ ಓಡಿಸಿದಳು.